ಕ್ರೂಸ್ ಹಡಗು ಹತ್ತಲು ಲಸಿಕೆ ಕಡ್ಡಾಯ ಮಾಡಬೇಕಾ?

2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾ ಬಂದರಿನಲ್ಲಿ ‘ಡೈಮಂಡ್ ಪ್ರಿನ್ಸೆಸ್’ ಎಂಬ ಕ್ರೂಸ್ ಹಡಗನ್ನು ತಡೆದು ನಿಲ್ಲಿಸಿದರು. ಅದರಲ್ಲಿದ್ದವರು 3,711 ಜನ. ಜನವರಿ ಕೊನೆಯಲ್ಲಿ ಹಾಂಗ್‌ಕಾಂಗ್‌ನಲ್ಲಿ ಇಳಿದುಹೋಗಿದ್ದ ಪ್ರಯಾಣಿಕರೊಬ್ಬರಿಗೆ ಕೊರೊನಾ ಇದೆ ಎಂದು ಆಮೇಲೆ ಗೊತ್ತಾಗಿತ್ತು. ಎಲ್ಲ ಪ್ರಯಾಣಿಕರನ್ನೂ ಅವರವರ ಕ್ಯಾಬಿನ್‌ನಲ್ಲೇ ಕೂರಿಸಿದರು. ಕೊನೆಗೆ ಲೆಕ್ಕ ಸಿಕ್ಕಾಗ 712 ಮಂದಿಗೆ ಸೋಂಕು ತಗುಲಿತ್ತು. ಅಂದರೆ ಹೆಚ್ಚುಕಡಿಮೆ ಐವರಲ್ಲಿ ಒಬ್ಬರಿಗೆ. ಪರೀಕ್ಷೆ ಮಾಡಿದ ಹೊತ್ತಿಗೆ ಅವರಲ್ಲಿ 331 ಮಂದಿಗೆ ಜ್ವರ, ಕೆಮ್ಮು ಏನೂ ಇರಲಿಲ್ಲ.

331 ಎಂಬ ಈ ಕೊನೆಯ ಸಂಖ್ಯೆಯನ್ನು ಜಾಸ್ತಿ ಗಮನಿಸಬೇಕು. ಹಡಗು ಹತ್ತುವ ಜಾಗದಲ್ಲಿ ಹಣೆಗೆ ಥರ್ಮಾಮೀಟರ್ ಹಿಡಿದು ಒಳಗೆ ಬಿಟ್ಟರೆ ಸಾಲದು ಎಂದು ಅದೇ ಹೇಳಿತು. ಸುಮಾರು ಅರ್ಧದಷ್ಟು ಸೋಂಕಿತರು ಯಾವ ಅನುಮಾನವೂ ಬಾರದಂತೆ ಓಡಾಡುತ್ತಿರುತ್ತಾರೆ. ಹಾಗಾದರೆ ಹತ್ತುವ ಮೊದಲೇ ರಕ್ಷಣೆ ಇರಬೇಕು, ಅಂದರೆ ಎಲ್ಲರಿಗೂ ಲಸಿಕೆ ಆಗಿರಬೇಕು ಎಂಬ ಮಾತು ಸಹಜವಾಗಿಯೇ ಬಂತು. ಆಗ ಲಸಿಕೆಯೇ ಇರಲಿಲ್ಲ. ಲಸಿಕೆ ಬಂದ ಮೇಲೆ ಶುರುವಾದ ಜಗಳ ಇವತ್ತಿಗೂ ಪೂರ್ತಿ ಮುಗಿದಿಲ್ಲ. ಹಡಗು ಕಂಪನಿ ‘ಲಸಿಕೆ ಇಲ್ಲದಿದ್ದರೆ ಟಿಕೆಟ್ ಇಲ್ಲ’ ಎನ್ನಬಹುದಾ?

ಇದಕ್ಕೆ ಒಂದೇ ಮಾತಿನ ಹೌದು, ಇಲ್ಲ ಎಂಬ ಉತ್ತರ ಸಿಗುವುದಿಲ್ಲ. ಯಾವ ರೋಗ, ಅದರ ಲಸಿಕೆ ಏನು ಮಾಡುತ್ತದೆ, ಯಾವ ಕಾಲ ಎಂದು ನೋಡಿದರೆ ಮಾತ್ರ ಉತ್ತರ ಸ್ಪಷ್ಟವಾಗುತ್ತದೆ.

ಹಡಗಿನ ಸಮಸ್ಯೆ ಯಾಕೆ ಬೇರೆ

ವಿಮಾನದಲ್ಲೂ ಜನ ಒತ್ತೊತ್ತಾಗಿ ಕೂರುತ್ತಾರಲ್ಲ, ಹಡಗಿಗೆ ಮಾತ್ರ ಯಾಕೆ ಈ ನಿಯಮ ಎಂದು ಹಲವರು ಕೇಳುತ್ತಾರೆ. ವಿಮಾನ ಕೆಲವು ಗಂಟೆಗಳ ಮಾತು. ಹಡಗಿನಲ್ಲಿ ಒಂದು ವಾರ, ಎರಡು ವಾರ ಅದೇ ಜನ ಒಟ್ಟಿಗೆ ತಿನ್ನುತ್ತಾರೆ, ಒಂದೇ ಸಭಾಂಗಣದಲ್ಲಿ ಕೂತು ಕಾರ್ಯಕ್ರಮ ನೋಡುತ್ತಾರೆ, ಒಂದೇ ಲಿಫ್ಟಿನಲ್ಲಿ ಹತ್ತಿಳಿಯುತ್ತಾರೆ. ಈಗಿನ ದೊಡ್ಡ ಹಡಗುಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ಪ್ರಯಾಣಿಕರಿರುತ್ತಾರೆ. ಅವರಲ್ಲಿ ವಯಸ್ಸಾದವರ ಪಾಲೂ ದೊಡ್ಡದು. ಕೆಲಸದಿಂದ ನಿವೃತ್ತರಾದ ಮೇಲೆ ಊರು ನೋಡಲು ಹೊರಟವರು, ಸಕ್ಕರೆ ಕಾಯಿಲೆಯೋ ಹೃದಯದ ತೊಂದರೆಯೋ ಇರುವವರು.

ಅದಕ್ಕಿಂತ ಮುಖ್ಯವಾದದ್ದು ಆಸ್ಪತ್ರೆ. ಹಡಗಿನಲ್ಲಿ ಚಿಕಿತ್ಸಾ ಕೇಂದ್ರ ಇರುತ್ತದೆ, ವೈದ್ಯರು, ನರ್ಸ್‌ಗಳು ಇರುತ್ತಾರೆ. ಒಂದೆರಡು ಗಂಭೀರ ಪ್ರಕರಣಗಳನ್ನು ಅವರು ಚೆನ್ನಾಗಿಯೇ ನಿಭಾಯಿಸುತ್ತಾರೆ. ಆದರೆ ಹಾಸಿಗೆಗಳು ಬೆರಳೆಣಿಕೆಯಷ್ಟು. ಒಂದೇ ದಿನ ಇಪ್ಪತ್ತು ಜನಕ್ಕೆ ಆಮ್ಲಜನಕ ಬೇಕಾದರೆ ಏನು ಮಾಡುವುದು? ಹೆಲಿಕಾಪ್ಟರ್ ದಡದಿಂದ ಒಂದಷ್ಟು ದೂರದವರೆಗೆ ಮಾತ್ರ ಬರಬಲ್ಲದು, ಒಮ್ಮೆಗೆ ಒಬ್ಬಿಬ್ಬರನ್ನು ಒಯ್ಯಬಲ್ಲದು. ಬಂದರಿಗೆ ಹೋಗೋಣ ಎಂದರೆ ಬಂದರಿನವರು ಬೇಡ ಎನ್ನಬಹುದು. 2020ರ ಮಾರ್ಚ್‌ನಲ್ಲಿ ‘ಜಾನ್‌ಡಾಮ್’ ಹಡಗಿಗೆ ಆಗಿದ್ದು ಅದೇ. ದಕ್ಷಿಣ ಅಮೆರಿಕದ ಕರಾವಳಿಯಲ್ಲಿ ಬಂದರಿನ ಮೇಲೆ ಬಂದರು ಬಾಗಿಲು ಮುಚ್ಚಿತು. ಏಪ್ರಿಲ್ 2ರಂದು ಫ್ಲಾರಿಡಾ ತಲುಪುವಷ್ಟರಲ್ಲಿ ಹಡಗಿನಲ್ಲೇ ನಾಲ್ವರು ತೀರಿಕೊಂಡಿದ್ದರು.

ಇನ್ನು ಸಿಬ್ಬಂದಿ. ಈ ಚರ್ಚೆಯಲ್ಲಿ ಅವರ ಹೆಸರೇ ಬರುವುದಿಲ್ಲ, ಅದು ನನಗೆ ಬೇಸರದ ಸಂಗತಿ. ಯೊಕೊಹಾಮಾದಲ್ಲಿ ಪ್ರಯಾಣಿಕರು ಕ್ಯಾಬಿನ್‌ನಲ್ಲಿ ಕೂತಿದ್ದಾಗ ಅವರಿಗೆ ಮೂರು ಹೊತ್ತು ಊಟ ತಲುಪಿಸಿದ್ದು ಯಾರು? ಸಿಬ್ಬಂದಿಯೇ. ಹಡಗಿನಲ್ಲಿ ಅವರು 1,045 ಮಂದಿ ಇದ್ದರು. ಫೆಬ್ರವರಿ 9ರ ಹೊತ್ತಿಗೆ ಸೋಂಕು ಖಚಿತವಾಗಿದ್ದ 20 ಸಿಬ್ಬಂದಿಯಲ್ಲಿ 15 ಮಂದಿ ಊಟದ ವಿಭಾಗದವರು. 16 ಮಂದಿಯ ಮಲಗುವ ಕೋಣೆಗಳು ಒಂದೇ ಡೆಕ್‌ನಲ್ಲಿದ್ದವು. ಸಿಬ್ಬಂದಿಯ ಕೋಣೆ ಎಂದರೆ ಸಾಮಾನ್ಯವಾಗಿ ಕೆಳಗಿನ ಡೆಕ್‌ನಲ್ಲಿ, ಕಿಟಕಿ ಇಲ್ಲದ, ಒಂದರ ಮೇಲೊಂದು ಮಂಚವಿರುವ ಪುಟ್ಟ ಜಾಗ. ಇಬ್ಬರೋ ಅದಕ್ಕಿಂತ ಹೆಚ್ಚು ಜನರೋ ಹಂಚಿಕೊಂಡಿರುತ್ತಾರೆ. ಪ್ರಯಾಣಿಕ ಒಂದು ವಾರಕ್ಕೆ ಬಂದು ಹೋಗುತ್ತಾನೆ. ಇವರು ಎಷ್ಟೋ ತಿಂಗಳು ಅಲ್ಲೇ ಇರುತ್ತಾರೆ. ಪ್ರತಿ ವಾರ ಸಾವಿರಾರು ಹೊಸ ಮುಖಗಳ ಉಸಿರು ಇವರ ಮೇಲೆ ಬೀಳುತ್ತದೆ. ಲಸಿಕೆ ಹಾಕಿಸಿಕೊಳ್ಳುವುದು ಪ್ರಯಾಣಿಕನ ಸ್ವಂತ ವಿಷಯ ಎನ್ನುವವರು ಈ ಕೋಣೆಯನ್ನು ಒಮ್ಮೆ ನೆನೆಯಬೇಕು.

ಸೋಂಕು ಹಡಗಿನಲ್ಲೇ ನಿಲ್ಲುವುದೂ ಇಲ್ಲ. 2020ರ ಮಾರ್ಚ್ 19ರಂದು ಸಿಡ್ನಿಯಲ್ಲಿ ‘ರೂಬಿ ಪ್ರಿನ್ಸೆಸ್’ ಹಡಗಿನಿಂದ ಸುಮಾರು 2,700 ಪ್ರಯಾಣಿಕರು ಇಳಿದು ಅವರವರ ಊರಿಗೆ ಹೋದರು. ಆ ಪ್ರಯಾಣಕ್ಕೆ ಸಂಬಂಧಿಸಿದ ಸಾವುಗಳು 28. ಟಾಸ್ಮೇನಿಯಾದ ಬರ್ನೀ ಎಂಬ ಊರಿನ ಆಸ್ಪತ್ರೆಗೆ ಆ ಹಡಗಿನಿಂದ ಬಂದ ರೋಗಿಗಳು ದಾಖಲಾದರು. ಅಲ್ಲಿನ ವೈದ್ಯರು, ನರ್ಸ್‌ಗಳ ನಡುವೆ ಹಬ್ಬಿದ ಸೋಂಕಿನ ಮೂಲ ಬಹುಮಟ್ಟಿಗೆ ಅದೇ ಎಂದು ಸರ್ಕಾರದ ತನಿಖಾ ವರದಿ ಹೇಳಿತು. ಕೊನೆಗೆ ಆಸ್ಪತ್ರೆಯನ್ನೇ ಮುಚ್ಚಿ, ಸಿಬ್ಬಂದಿಯನ್ನೆಲ್ಲ ಮನೆಗೆ ಕಳಿಸಿ, ತುರ್ತು ಚಿಕಿತ್ಸೆಗೆ ಸೇನೆಯ ವೈದ್ಯಕೀಯ ತಂಡವನ್ನು ಕರೆಸಬೇಕಾಯಿತು. ಹಡಗು ಹತ್ತದ, ಹಡಗನ್ನು ನೋಡಿಯೂ ಇಲ್ಲದ ಜನ ಅದರ ಬೆಲೆ ತೆತ್ತರು.

ಲಸಿಕೆಯ ಎರಡು ಕೆಲಸ

ಲಸಿಕೆ ಎರಡು ಕೆಲಸ ಮಾಡಬಹುದು. ಒಂದು, ಹಾಕಿಸಿಕೊಂಡವರಿಗೆ ರೋಗ ಜೋರಾಗದಂತೆ ನೋಡಿಕೊಳ್ಳುವುದು. ಎರಡು, ಅವರಿಂದ ಇನ್ನೊಬ್ಬರಿಗೆ ಹರಡದಂತೆ ತಡೆಯುವುದು. ಎಲ್ಲ ಲಸಿಕೆಗಳೂ ಎರಡನ್ನೂ ಒಂದೇ ಮಟ್ಟದಲ್ಲಿ ಮಾಡುವುದಿಲ್ಲ. ಕಡ್ಡಾಯದ ಪ್ರಶ್ನೆ ಬಂದಾಗ ಎಲ್ಲರೂ ಎಡವುವುದು ಇಲ್ಲೇ.

ಎರಡನೆಯ ಕೆಲಸವನ್ನು ಲಸಿಕೆ ಚೆನ್ನಾಗಿ ಮಾಡುತ್ತದೆ ಎಂದಾದರೆ ಕಡ್ಡಾಯಕ್ಕೆ ಗಟ್ಟಿ ಆಧಾರ ಸಿಗುತ್ತದೆ. ನಾನು ಹಾಕಿಸಿಕೊಳ್ಳದಿದ್ದರೆ ಪಕ್ಕದ ಮೇಜಿನವರಿಗೆ ಅಪಾಯ. ಮೊದಲನೆಯ ಕೆಲಸವನ್ನು ಮಾತ್ರ ಮಾಡುತ್ತದೆ ಎಂದಾದರೆ ವಾದ ಸ್ವಲ್ಪ ಸಡಿಲವಾಗುತ್ತದೆ. ಆಗ ಅಪಾಯ ಹಾಕಿಸಿಕೊಳ್ಳದವರದೇ. ಆದರೂ ಹಡಗಿನಲ್ಲಿ ಆ ವಾದ ಪೂರ್ತಿ ಬಿದ್ದುಹೋಗುವುದಿಲ್ಲ. ಯಾಕೆಂದರೆ ಇರುವ ನಾಲ್ಕು ಹಾಸಿಗೆಯಲ್ಲಿ ಮೂರನ್ನು ತಡೆಯಬಹುದಾಗಿದ್ದ ಕಾಯಿಲೆಯವರು ತುಂಬಿಕೊಂಡರೆ, ಹೃದಯಾಘಾತವಾದವರಿಗೆ ಜಾಗ ಎಲ್ಲಿ?

ಕೊರೊನಾ ಲಸಿಕೆ ಎರಡೇ ವರ್ಷದಲ್ಲಿ ಒಂದು ಬದಿಯಿಂದ ಇನ್ನೊಂದು ಬದಿಗೆ ಜಾರಿತು. 2020ರ ಕೊನೆಯಲ್ಲಿ ಫೈಝರ್ ಲಸಿಕೆಯ ಪ್ರಯೋಗದಲ್ಲಿ, ರೋಗಲಕ್ಷಣ ಕಾಣಿಸುವ ಕೊರೊನಾದ ವಿರುದ್ಧ ಶೇ 95ರಷ್ಟು ರಕ್ಷಣೆ ಕಂಡಿತ್ತು. ಅದರ ಬಲದ ಮೇಲೆಯೇ 2021ರಲ್ಲಿ ಹಡಗುಗಳು ಮತ್ತೆ ಹೊರಟವು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಕಂಪನಿಗಳ ಮುಂದೆ ಎರಡು ದಾರಿ ಇಟ್ಟಿತ್ತು. ಸ್ವಯಂಸೇವಕರನ್ನು ಕೂರಿಸಿಕೊಂಡು ಪರೀಕ್ಷಾ ಪ್ರಯಾಣ ಮಾಡಿ ತೋರಿಸಿ. ಇಲ್ಲವೇ ಸಿಬ್ಬಂದಿಯಲ್ಲಿ ಶೇ 98, ಪ್ರಯಾಣಿಕರಲ್ಲಿ ಶೇ 95 ಮಂದಿಗೆ ಲಸಿಕೆ ಆಗಿರಲಿ. ಜೂನ್ 26ರಂದು ‘ಸೆಲೆಬ್ರಿಟಿ ಎಡ್ಜ್’ ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್‌ನಿಂದ ಹೊರಟಿತು. ಕೊರೊನಾ ನಿರ್ಬಂಧದ ನಂತರ ಅಮೆರಿಕದ ಬಂದರಿನಿಂದ ಪ್ರಯಾಣಿಕರನ್ನು ಕೂರಿಸಿಕೊಂಡು ಹೊರಟ ಮೊದಲ ದೊಡ್ಡ ಹಡಗು ಅದು.

ಡೆಲ್ಟಾ ಬಂದಾಗ ಲಸಿಕೆ ಹಾಕಿಸಿಕೊಂಡವರಿಗೂ ಸೋಂಕು ಬರತೊಡಗಿತು. ಆಗಸ್ಟ್‌ನಲ್ಲಿ ‘ಕಾರ್ನಿವಲ್ ವಿಸ್ತಾ’ ಹಡಗಿನಲ್ಲಿ 27 ಪ್ರಕರಣ ಪತ್ತೆಯಾದವು. 26 ಸಿಬ್ಬಂದಿ, ಒಬ್ಬ ಪ್ರಯಾಣಿಕ. ಹಡಗಿನಲ್ಲಿದ್ದ ಬಹುತೇಕ ಎಲ್ಲರಿಗೂ ಲಸಿಕೆ ಆಗಿತ್ತು. ವರ್ಷದ ಕೊನೆಗೆ ಒಮಿಕ್ರಾನ್ ಬಂತು. ಡಿಸೆಂಬರ್ 30ರಂದು ಸಿಡಿಸಿ ‘ಲಸಿಕೆ ಆಗಿದ್ದರೂ ಸದ್ಯಕ್ಕೆ ಕ್ರೂಸ್ ಪ್ರಯಾಣ ಬೇಡ’ ಎಂದು ಎಚ್ಚರಿಸಿತು. ‘ನೋಡಿ, ಲಸಿಕೆಯಿಂದ ಏನೂ ಪ್ರಯೋಜನ ಇಲ್ಲ’ ಎಂಬ ಮಾತು ಎಲ್ಲ ಕಡೆ ಹರಡಿತು.

ಆ ಮಾತು ಎಲ್ಲಿ ತಪ್ಪುತ್ತದೆ ಎಂದು ಸ್ವಲ್ಪ ನಿಧಾನವಾಗಿ ನೋಡೋಣ. ಇವು ಲೆಕ್ಕ ಅರ್ಥವಾಗಲಿ ಎಂದು ನಾನು ಇಟ್ಟುಕೊಂಡ ಸಂಖ್ಯೆಗಳು, ಯಾವ ಹಡಗಿನದೂ ಅಲ್ಲ. ಒಂದು ಹಡಗಿನಲ್ಲಿ 2,000 ಪ್ರಯಾಣಿಕರು. 1,900 ಮಂದಿಗೆ ಲಸಿಕೆ ಆಗಿದೆ, 100 ಮಂದಿಗೆ ಆಗಿಲ್ಲ. ಸೋಂಕು ಹಬ್ಬಿತು. ಲಸಿಕೆ ಇಲ್ಲದವರಲ್ಲಿ ನೂರಕ್ಕೆ 30 ಮಂದಿಗೆ ತಗುಲಿತು. ಲಸಿಕೆ ಆದವರಲ್ಲಿ ನೂರಕ್ಕೆ 10 ಮಂದಿಗೆ. ಈಗ ಎಣಿಸಿ. ಲಸಿಕೆ ಇಲ್ಲದ ಸೋಂಕಿತರು 30. ಲಸಿಕೆ ಆದ ಸೋಂಕಿತರು 190. ‘ಸೋಂಕಿತರಲ್ಲಿ ಬಹುಪಾಲು ಜನ ಲಸಿಕೆ ಹಾಕಿಸಿಕೊಂಡವರೇ’ ಎಂದು ಸುದ್ದಿ ಬರುತ್ತದೆ. ಸುದ್ದಿ ಸುಳ್ಳಲ್ಲ. ಆದರೆ ಹಾಕಿಸಿಕೊಂಡವರ ಅಪಾಯ ಮೂರನೇ ಒಂದು ಪಾಲಿಗೆ ಇಳಿದಿದೆ ಎಂಬುದು ಅದರಲ್ಲಿ ಕಾಣುವುದೇ ಇಲ್ಲ. ಹಾಕಿಸಿಕೊಂಡವರ ಗುಂಪು ಅಷ್ಟು ದೊಡ್ಡದಿದ್ದಾಗ ಸೋಂಕಿತರ ಪಟ್ಟಿಯಲ್ಲಿ ಅವರೇ ಜಾಸ್ತಿ ಇರುತ್ತಾರೆ, ಅಷ್ಟೇ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಲಸಿಕೆ ಇಲ್ಲದ ಆ 30 ಮಂದಿಯಲ್ಲಿ ಹತ್ತಕ್ಕೆ ಒಬ್ಬರಂತೆ 3 ಜನ ಗಂಭೀರವಾದರು ಎನ್ನಿ. ಲಸಿಕೆ ಆದ 190 ಮಂದಿಯಲ್ಲಿ ಗಂಭೀರವಾದವರು 2 ಜನ. ಒಟ್ಟು 5. ಹಡಗಿನ ವೈದ್ಯರು ಇವರನ್ನು ಹೇಗೋ ನೋಡಿಕೊಳ್ಳಬಲ್ಲರು. ಅದೇ ಹಡಗಿನಲ್ಲಿ ಯಾರಿಗೂ ಲಸಿಕೆ ಆಗಿರದಿದ್ದರೆ? 2,000 ಜನರಲ್ಲಿ 600 ಸೋಂಕಿತರು, 60 ಗಂಭೀರ ರೋಗಿಗಳು. ಹಡಗು ನಡುನೀರಿನಲ್ಲಿದೆ. ನನ್ನ ಪ್ರಕಾರ ಕೊರೊನಾ ಕಾಲದ ಕಡ್ಡಾಯದ ಇಡೀ ತಿರುಳು ಈ 5 ಮತ್ತು 60ರ ನಡುವಿನ ಅಂತರದಲ್ಲಿದೆ. ಹಡಗಿಗೆ ಸೋಂಕು ಕಾಲಿಡದಂತೆ ಮಾಡುವ ಶಕ್ತಿ ಲಸಿಕೆಗೆ ಇರಲಿಲ್ಲ. ಹಡಗು ತೇಲುವ ಆಸ್ಪತ್ರೆಯಾಗಿ ಬದಲಾಗದಂತೆ ನೋಡಿಕೊಳ್ಳುವ ಶಕ್ತಿ ಇತ್ತು.

ಕಾಲ ಕಳೆದಂತೆ ಈ ಅಂತರ ಕಿರಿದಾಯಿತು. ಹೆಚ್ಚಿನವರಿಗೆ ಒಮ್ಮೆಯಾದರೂ ಸೋಂಕು ಬಂದು ಹೋಗಿತ್ತು, ಇಲ್ಲವೇ ಲಸಿಕೆ ಆಗಿತ್ತು, ಎಷ್ಟೋ ಜನರಿಗೆ ಎರಡೂ ಆಗಿತ್ತು. ಹರಡುವುದನ್ನು ತಡೆಯುವ ಶಕ್ತಿ ಕೆಲವು ತಿಂಗಳಿಗೇ ಕುಗ್ಗುತ್ತಿತ್ತು. ಹಾಗಾಗಿ 2022ರ ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ದೊಡ್ಡ ಕಂಪನಿಗಳು ಒಂದೊಂದಾಗಿ ನಿಯಮ ಸಡಿಲಿಸಿದವು. ಅದು ಸರಿಯಾದ ನಿರ್ಧಾರ. 2021ರಲ್ಲಿ ನಿಯಮ ತಂದದ್ದೂ ಸರಿ. ಎರಡೂ ಸರಿ ಇರಬಹುದು ಎಂಬುದನ್ನು ಒಪ್ಪಲು ಎರಡೂ ಬಣಗಳಿಗೆ ಕಷ್ಟ, ಅಲ್ವಾ?

ಕೇಳುವ ಹಕ್ಕು ಯಾರದು

ಹಡಗು ಕಂಪನಿ ಖಾಸಗಿ ಸಂಸ್ಥೆ. ಟಿಕೆಟ್ ಕೊಂಡಾಗ ನೀವು ಒಂದು ಒಪ್ಪಂದಕ್ಕೆ ಸಹಿ ಹಾಕಿದಂತೆ. ಅದರಲ್ಲಿ ಆರೋಗ್ಯದ ಷರತ್ತುಗಳೂ ಇರುತ್ತವೆ. ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಹಡಗಿನ ಕಾನೂನು ಸುಲಭದ್ದಲ್ಲ. ಕಂಪನಿಯ ಕಚೇರಿ ಒಂದು ದೇಶದಲ್ಲಿ, ಹಡಗಿನ ನೋಂದಣಿ ಬಹಾಮಾಸ್‌ನಲ್ಲೋ ಪನಾಮಾದಲ್ಲೋ, ಹೊರಡುವ ಬಂದರು ಇನ್ನೆಲ್ಲೋ, ನಿಲ್ಲುವ ದ್ವೀಪಗಳು ನಾಲ್ಕಾರು. ಒಂದೊಂದರದೂ ಒಂದೊಂದು ನಿಯಮ.

ಫ್ಲಾರಿಡಾದಲ್ಲಿ ಇದು ವಿಪರೀತಕ್ಕೆ ಹೋಯಿತು. ಕೇಂದ್ರದ ಸಿಡಿಸಿ ಶೇ 95 ಎನ್ನುತ್ತಿತ್ತು. ರಾಜ್ಯ ಸರ್ಕಾರ 2021ರ ಮೇ ತಿಂಗಳಲ್ಲಿ ಕಾನೂನು ತಂದು, ಗ್ರಾಹಕರ ಬಳಿ ಲಸಿಕೆಯ ದಾಖಲೆ ಕೇಳುವುದನ್ನೇ ನಿಷೇಧಿಸಿತು. ತಪ್ಪಿದರೆ ಪ್ರತಿ ಪ್ರಕರಣಕ್ಕೆ 5,000 ಡಾಲರ್‌ವರೆಗೆ ದಂಡ. ಹಡಗಿನವರ ಪಾಡು ನೋಡಿ. ದಾಖಲೆ ಕೇಳಿದರೆ ಒಂದು ಸರ್ಕಾರದ ದಂಡ, ಕೇಳದಿದ್ದರೆ ಇನ್ನೊಂದರ ತಕರಾರು. ಸಿಡಿಸಿಯ ಆದೇಶವೂ ಕೋರ್ಟಿಗೆ ಹೋಗಿ, ಜುಲೈ ಹೊತ್ತಿಗೆ ಫ್ಲಾರಿಡಾದ ಹಡಗುಗಳ ಮಟ್ಟಿಗೆ ಬರೀ ಸಲಹೆಯಾಗಿ ಉಳಿಯಿತು. ನಾರ್ವೀಜಿಯನ್ ಕ್ರೂಸ್ ಲೈನ್ ರಾಜ್ಯದ ಕಾನೂನನ್ನು ಪ್ರಶ್ನಿಸಿ ಕೋರ್ಟಿಗೆ ಹೋಯಿತು. ಆಗಸ್ಟ್‌ನಲ್ಲಿ ಅದಕ್ಕೆ ತಾತ್ಕಾಲಿಕ ತಡೆ ಸಿಕ್ಕಿತು, ಎಲ್ಲರಿಗೂ ಲಸಿಕೆ ಎಂಬ ನಿಯಮದೊಂದಿಗೆ ಹಡಗು ಹೊರಟಿತು. 2022ರ ಅಕ್ಟೋಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಆ ತಡೆಯನ್ನು ತೆಗೆದುಹಾಕಿತು. ಅಷ್ಟರಲ್ಲಿ ಕಂಪನಿ ತಾನೇ ನಿಯಮವನ್ನು ಕೈಬಿಟ್ಟಾಗಿತ್ತು.

ರಾಯಲ್ ಕೆರಿಬಿಯನ್ ಬೇರೆ ದಾರಿ ಹಿಡಿಯಿತು. ಫ್ಲಾರಿಡಾದಿಂದ ಹೊರಡುವವರಿಗೆ ಲಸಿಕೆ ಕಡ್ಡಾಯ ಎನ್ನಲಿಲ್ಲ. ಆದರೆ ದಾಖಲೆ ತೋರಿಸದವರು ಹೆಚ್ಚು ಪರೀಕ್ಷೆ ಮಾಡಿಸಿಕೊಳ್ಳಬೇಕು, ವಿಮೆ ಮಾಡಿಸಬೇಕು, ಕೆಲವು ಜಾಗಗಳಿಗೆ ಹೋಗುವಂತಿಲ್ಲ ಎಂದಿತು. ನನಗೆ ಇದು ಕಾನೂನಿನಿಂದ ನುಣುಚಿಕೊಳ್ಳುವ ಉಪಾಯ ಎನ್ನಿಸಲಿಲ್ಲ. ಅಪಾಯಕ್ಕೆ ತಕ್ಕ ಖರ್ಚು, ಅಪಾಯ ತರುವವರ ತಲೆಯ ಮೇಲೆ. ರೋಗಿಯನ್ನು ನಡುಸಮುದ್ರದಿಂದ ಆಸ್ಪತ್ರೆಗೆ ಸಾಗಿಸುವುದು ಭಾರಿ ದುಬಾರಿ ಕೆಲಸ, ಅದಕ್ಕೆ ವಿಮೆ ಕೇಳುವುದರಲ್ಲಿ ತಪ್ಪೇನಿದೆ?

ಇನ್ನೊಂದು ಕಡೆಯ ದೂರುಗಳನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕು. ಲಸಿಕೆಯ ಅಂಶವೊಂದಕ್ಕೆ ತೀವ್ರ ಅಲರ್ಜಿ ಇರುವವರು ಬೇಕೆಂದೇ ತಪ್ಪಿಸಿಕೊಳ್ಳುತ್ತಿಲ್ಲ. 2021ರ ಬೇಸಿಗೆಯಲ್ಲಿ 12 ವರ್ಷದೊಳಗಿನ ಮಕ್ಕಳಿಗೆ ಅಮೆರಿಕದಲ್ಲಿ ಲಸಿಕೆಯೇ ಲಭ್ಯವಿರಲಿಲ್ಲ. ಪಟ್ಟಿಯ ಸಮಸ್ಯೆ ಬೇರೆ. ಕಂಪನಿ ‘ಮಾನ್ಯತೆ ಪಡೆದ ಲಸಿಕೆ’ ಎಂದಾಗ ಯಾರ ಮಾನ್ಯತೆ? ಕೋವ್ಯಾಕ್ಸಿನ್ ಅನ್ನು ಭಾರತದಲ್ಲಿ 2021ರ ಜನವರಿಯಿಂದಲೇ ಕೊಡುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ತನ್ನ ಪಟ್ಟಿಗೆ ಸೇರಿಸಿದ್ದು ನವೆಂಬರ್ 3ರಂದು. ಆ ನಡುವಿನ ತಿಂಗಳುಗಳಲ್ಲಿ ಎರಡೂ ಡೋಸ್ ತಪ್ಪದೆ ಹಾಕಿಸಿಕೊಂಡವರು ಎಷ್ಟೋ ದೇಶಗಳ ಗಡಿಯಲ್ಲಿ ‘ಲಸಿಕೆ ಆಗದವರು’ ಎನ್ನಿಸಿಕೊಂಡರು. ತಮಗೆ ಸಿಕ್ಕ ಲಸಿಕೆಯನ್ನು ಹಾಕಿಸಿಕೊಂಡದ್ದು ಅವರ ತಪ್ಪೇ? ಕಡ್ಡಾಯ ಮಾಡುವ ಕಂಪನಿ ಪಟ್ಟಿಯನ್ನು ಉದಾರವಾಗಿ ಇಟ್ಟುಕೊಳ್ಳಬೇಕು. ವೈದ್ಯರ ಪತ್ರ ತಂದವರಿಗೆ ವಿನಾಯಿತಿ ಕೊಡಬೇಕು. ನಿಯಮ ಬದಲಾದರೆ ಟಿಕೆಟ್‌ನ ಪೂರ್ತಿ ಹಣ ವಾಪಸ್ ಕೊಡಬೇಕು. ಇಷ್ಟಿಲ್ಲದೆ ತರುವ ಕಡ್ಡಾಯವನ್ನು ನಾನು ಒಪ್ಪುವುದಿಲ್ಲ.

ಬೇರೆ ರೋಗಗಳಿಗೆ ಇದೇ ಅಳತೆ ಹಿಡಿದರೆ

ಹಡಗು ಎಂದ ಕೂಡಲೇ ವಾಂತಿ-ಭೇದಿ ನೆನಪಾಗುವವರು ಹಲವರು. ಅದರ ಮುಖ್ಯ ಕಾರಣ ನೊರೊವೈರಸ್. ಇದಕ್ಕೆ ಮಾರುಕಟ್ಟೆಯಲ್ಲಿ ಲಸಿಕೆಯೇ ಇಲ್ಲ. ಸ್ಯಾನಿಟೈಜರ್‌ಗೂ ಅದು ಅಷ್ಟಾಗಿ ಬಗ್ಗುವುದಿಲ್ಲ. ಸೋಪು ಹಾಕಿ ಕೈ ತೊಳೆಯುವುದೇ ದಾರಿ. ಕಡ್ಡಾಯದ ಮಾತು ಇಲ್ಲಿಗೆ ಮುಗಿಯಿತು.

ದಡಾರದ ಕತೆ ಬೇರೆ. ರೋಗಿ ಕೋಣೆಯಿಂದ ಹೊರಗೆ ಹೋದ ಮೇಲೂ ಎರಡು ಗಂಟೆಯವರೆಗೆ ಆ ಗಾಳಿಯಲ್ಲಿ ವೈರಸ್ ಇರಬಲ್ಲದು. ರಕ್ಷಣೆ ಇಲ್ಲದ ಹತ್ತು ಜನ ಹತ್ತಿರವಿದ್ದರೆ ಒಂಬತ್ತು ಜನರಿಗೆ ಅಂಟುತ್ತದೆ. ಮೈಮೇಲೆ ದದ್ದು ಕಾಣಿಸುವ ನಾಲ್ಕು ದಿನ ಮೊದಲಿನಿಂದಲೇ ಹರಡಲು ಶುರುವಾಗುತ್ತದೆ. ಇದರ ಲಸಿಕೆಯಾದರೋ ಎರಡೂ ಕೆಲಸವನ್ನು ಸೊಗಸಾಗಿ ಮಾಡುತ್ತದೆ. ಎರಡು ಡೋಸ್ ಆದರೆ ಸುಮಾರು ಶೇ 97 ರಕ್ಷಣೆ, ಬಹುತೇಕರಿಗೆ ಜೀವನಪೂರ್ತಿ. 2019ರಲ್ಲಿ ‘ಫ್ರೀವಿಂಡ್ಸ್’ ಎಂಬ ಹಡಗಿನಲ್ಲಿ ಸಿಬ್ಬಂದಿಯೊಬ್ಬರಿಗೆ ದಡಾರ ಬಂದಾಗ, ಸುಮಾರು 300 ಜನರಿದ್ದ ಆ ಹಡಗನ್ನು ಕೆರಿಬಿಯನ್‌ನ ಸೇಂಟ್ ಲೂಸಿಯಾದಲ್ಲಿ ತಡೆದರು. ಯಾರನ್ನೂ ಇಳಿಯಲು ಬಿಡಲಿಲ್ಲ. ದ್ವೀಪದಲ್ಲಿ ರೋಗ ಹಬ್ಬೀತು ಎಂಬ ಚಿಂತೆ ಅಲ್ಲಿನ ಅಧಿಕಾರಿಗಳಿಗಿತ್ತು. ಎರಡು ಕೆಲಸದ ಅಳತೆಯಲ್ಲಿ ನೋಡಿದರೆ ಕಡ್ಡಾಯಕ್ಕೆ ಕೊರೊನಾಗಿಂತ ದಡಾರದ ಲಸಿಕೆಯೇ ಹೆಚ್ಚು ಯೋಗ್ಯ. ಕನಿಷ್ಠ ಸಿಬ್ಬಂದಿಗಂತೂ ಇದು ಆಗಿಯೇ ಇರಬೇಕು, ಅದರ ಖರ್ಚು ಕಂಪನಿಯದೇ ಆಗಬೇಕು. ಪ್ರಯಾಣಿಕರಿಗೂ ಕೇಳಬೇಕಾ? ದಡಾರ ಹಬ್ಬಿರುವ ಕಡೆಯಿಂದ ಹಡಗು ಹೊರಡುತ್ತಿದ್ದರೆ ಕೇಳಬೇಕು ಎಂದೇ ನನ್ನ ಅಭಿಪ್ರಾಯ.

ಲಸಿಕೆ ಕಡ್ಡಾಯ ಎಂಬುದು ಕೊರೊನಾ ತಂದ ಹೊಸ ವಿಷಯ ಎಂದುಕೊಂಡವರಿಗೆ ಹಳದಿ ಜ್ವರದ ನಿಯಮ ಆಶ್ಚರ್ಯ ತರಬಹುದು. ಆಫ್ರಿಕಾ, ದಕ್ಷಿಣ ಅಮೆರಿಕದ ಕೆಲವು ಭಾಗಗಳಿಗೆ ಹೋಗುವವರ, ಅಲ್ಲಿಂದ ಬರುವವರ ಬಳಿ ಈ ಲಸಿಕೆಯ ಪ್ರಮಾಣಪತ್ರ ಕೇಳಲು ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳೇ ದೇಶಗಳಿಗೆ ಅನುಮತಿ ಕೊಟ್ಟಿವೆ. ಹಡಗು ಅಂಥ ಬಂದರಿಗೆ ಹೋಗುವುದಾದರೆ ಕಂಪನಿಯೂ ಅದನ್ನು ಕೇಳಬಹುದು. ಇದರ ಬಗ್ಗೆ ದೊಡ್ಡ ಗಲಾಟೆ ಕೇಳಿಬರುವುದಿಲ್ಲ. ನಿಯಮ ಸ್ಪಷ್ಟವಾಗಿದೆ, ಎಲ್ಲರಿಗೂ ಒಂದೇ ಹಳದಿ ಬಣ್ಣದ ಪ್ರಮಾಣಪತ್ರದ ಪುಸ್ತಕ, ವೈದ್ಯಕೀಯ ವಿನಾಯಿತಿಗೆ ಅದರಲ್ಲೇ ಜಾಗ ಇದೆ. 2016ರ ಜುಲೈಯಿಂದ ಒಂದು ಡೋಸಿನ ಪ್ರಮಾಣಪತ್ರ ಜೀವನಪೂರ್ತಿ ಮಾನ್ಯ. ಕೊರೊನಾ ಕಾಲದಲ್ಲಿ ಒಂದೊಂದು ಕಂಪನಿ ಒಂದೊಂದು ನಿಯಮ ಮಾಡುವ ಬದಲು ಇಂಥದ್ದೊಂದು ಏರ್ಪಾಡು ಇದ್ದಿದ್ದರೆ ಅರ್ಧ ಜಗಳ ಹುಟ್ಟುತ್ತಲೇ ಇರಲಿಲ್ಲ.

ಅಂಥ ಕಡೆಗೆ ಹೋಗುವ ಹಡಗಿಗೆ ಟಿಕೆಟ್ ಮಾಡಿಸುವವರು ಎರಡು ವಿಷಯ ಮೊದಲೇ ನೋಡಿಕೊಳ್ಳಿ. ಪ್ರಮಾಣಪತ್ರ ಜಾರಿಗೆ ಬರುವುದು ಚುಚ್ಚುಮದ್ದು ಹಾಕಿಸಿಕೊಂಡ 10 ದಿನಗಳ ನಂತರ. ಹೊರಡುವ ವಾರ ಆಸ್ಪತ್ರೆಗೆ ಓಡಿದರೆ ಪ್ರಯೋಜನವಿಲ್ಲ. 60 ದಾಟಿದವರು ಮೊದಲ ಸಲ ಈ ಲಸಿಕೆ ಹಾಕಿಸಿಕೊಳ್ಳುವಾಗ ಗಂಭೀರ ಅಡ್ಡಪರಿಣಾಮದ ಸಾಧ್ಯತೆ, ಅಪರೂಪವೇ ಆದರೂ, ಉಳಿದವರಿಗಿಂತ ಜಾಸ್ತಿ. ಅವರು ಹಣ ಕಟ್ಟುವ ಮೊದಲೇ ವೈದ್ಯರ ಹತ್ತಿರ ಮಾತಾಡಬೇಕು. ಬೇಡ ಎಂದು ವೈದ್ಯರು ಹೇಳಿದರೆ ವಿನಾಯಿತಿ ಪತ್ರ ಬರೆಸಿಕೊಂಡು, ಹಡಗು ನಿಲ್ಲುವ ಪ್ರತಿಯೊಂದು ದೇಶವೂ ಆ ಪತ್ರವನ್ನು ಒಪ್ಪುತ್ತದೆಯೇ ಎಂದು ಕಂಪನಿಯಿಂದ ಬರವಣಿಗೆಯಲ್ಲೇ ಪಡೆದುಕೊಳ್ಳಿ.